ಕಣ್ಣಿಗಿಂತ ಒಂದು ಗೇಣು ಮೇಲೆ

ತ್ಸಿಯಾಲಾ ಬಂದದ್ದು ಮಧ್ಯಾಹ್ನ ಮೂರಕ್ಕೆ,
ತೋನೆ ಒಲೆಯ ಕೊನೆಯ ರೊಟ್ಟಿ ಕಿತ್ತು ಮುಗಿಸಿ.
ಹುಬ್ಬಿನಲ್ಲಿ ಹಿಟ್ಟು, ಕಂಕುಳಲ್ಲಿ ಮಡಚಿದ ಖಾಲಿ ಚೀಲ.
"ಚೆಂದ ಕಾಣಬೇಕು," ಎಂದಳು. ಬೆಲೆ ಕೇಳಲಿಲ್ಲ.
ನಮ್ಮ ಕುತಾಯಿಸಿಯಲ್ಲಿ ಬೆಲೆ ಕೇಳದವರು
ಸಾವಿನ ಮನೆಯವರು, ಇಲ್ಲಾ ಮದುವೆ ಮನೆಯವರು.
ಇವಳು ಎರಡೂ ಅಲ್ಲ.

ನೆತ್ತಿಯ ಮೇಲಿನ ಬಲ್ಬು ಆರಿಸಿದೆ ಮೊದಲು.
ಅದು ಕಣ್ಣ ಕೆಳಗೆ ಗುಂಡಿ ತೋಡುತ್ತದೆ,
ಪೊಲೀಸರ ಹಾಗೆ
ಮಾಡಿದ್ದನ್ನೂ ಮಾಡದ್ದನ್ನೂ ಬಾಯಿಬಿಡಿಸುತ್ತದೆ.
ರಿಯೋನಿ ಹೊಳೆಯ ಕಡೆಯ ಕಿಟಕಿಗೆ
ಹೆಂಡತಿಯ ಹಳೇ ಪರದೆ ಎಳೆದೆ.
ಬೆಳಕು ಸೋಸಿಕೊಂಡು ಬಂತು, ನೀರುಮಜ್ಜಿಗೆಯಷ್ಟು ತೆಳ್ಳಗೆ.

"ಭುಜ ಅತ್ತ, ಮುಖ ಇತ್ತ.
ಗದ್ದ ಮುಂದಕ್ಕೆ, ಚೂರೇ ಕೆಳಕ್ಕೆ,
ಚಿಪ್ಪಿನಿಂದ ಇಣುಕುವ ಆಮೆಯ ಥರ."
"ಆಮೆ ಚೆಂದವೇನು?"
"ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ,
ಕುತ್ತಿಗೆಯ ಮಡಿಕೆ ಮಾತ್ರ ಗೊತ್ತು."
ನಕ್ಕಳು. ನಗುವಾಗ ಕೈ ಎಡಗೆನ್ನೆಗೆ ಹೋಯಿತು:
ನಲವತ್ತು ವರ್ಷ ಒಲೆಯೊಳಗೆ ಬಗ್ಗಿದ ಕೆನ್ನೆ,
ಕಿವಿಯಿಂದ ತುಟಿಯ ತನಕ ಕಂದಿ ಸುಕ್ಕಾಗಿದೆ.

ನಾನೇನೂ ಅನ್ನಲಿಲ್ಲ.
ದೀಪವನ್ನು ಬಲಕ್ಕೆ ಎರಡು ಹೆಜ್ಜೆ ಜರುಗಿಸಿದೆ;
ಎಡಗೆನ್ನೆ ತಾನಾಗಿ ನೆರಳಿಗೆ ಸರಿಯಿತು.
ಅವಳದೇ ಬಿಳಿ ಚೀಲ ಅವಳ ಮಡಿಲಲ್ಲಿ ಹಾಸಿದೆ;
ಕೆಳಗಿನಿಂದ ಪುಟಿದ ಬೆಳಕು
ಗಂಟಲಿನ ಕಪ್ಪನ್ನು ಎತ್ತಿಕೊಂಡು ಹೋಯಿತು.
ಸ್ಟೂಲು ಹತ್ತಿದೆ. ಕಣ್ಣಿಗಿಂತ ಒಂದು ಗೇಣು ಮೇಲೆ,
ಸಾಕು, ಇಪ್ಪತ್ತು ವರ್ಷ ಜಾರಿ ಬೀಳಲು.
"ಕಣ್ಣು ಮುಚ್ಚಿ. ಮೂರು ಎಂದಾಗ ತೆರೆಯಿರಿ.
ಬಿಗಿಹಿಡಿದ ಮುಖ ಎರಡರಲ್ಲೇ ಎದ್ದುಹೋಗುತ್ತದೆ."

ಗುರುವಾರ ಬಂದಳು. ಕನ್ನಡಕ ಒರೆಸಿ ಹಾಕಿ ನೋಡಿದಳು,
ಬೀದಿಯಲ್ಲಿ ಎರಡು ಬಸ್ಸು ಹಾಯುವಷ್ಟು ಹೊತ್ತು.
"ಸರಿ ಬರಲಿಲ್ಲವೆ?"
"ಇದು ನಾನಲ್ಲ. ಎತೇರಿ.
ಬತುಮಿಯಲ್ಲಿದ್ದಾಳೆ, ತಂಗಿ.
ಅಮ್ಮನ ಹೊಲಿಗೆ ಯಂತ್ರಕ್ಕಾಗಿ ಕಿತ್ತಾಡಿ
ಹನ್ನೊಂದು ವರ್ಷ ಮಾತಿಲ್ಲ."

ನನ್ನ ಕಸುಬಿನಲ್ಲಿ ಹೀಗೂ ಆಗುವುದುಂಟು.
ನೆರಳು ಗುಡಿಸಲು ಹೋದರೆ
ಅದರಡಿ ಯಾರೋ ಕೂತಿರುತ್ತಾರೆ.

ಹಣ ಎಣಿಸಿ ಮೇಜಿನ ಮೇಲಿಟ್ಟಳು. ಹೋಗಲಿಲ್ಲ.
ನಾನು ಹೇಳುವ ಮೊದಲೇ ಮತ್ತೆ ಕುರ್ಚಿಯಲ್ಲಿ ಕೂತು
ಸುಟ್ಟ ಕೆನ್ನೆಯನ್ನು ಕಿಟಕಿಗೆ ತಿರುಗಿಸಿದಳು.
"ಅದು ನನಗಿರಲಿ. ಇದನ್ನು ಅವಳಿಗೆ ಕಳಿಸುತ್ತೇನೆ.
ಕಲೆ ಕಾಣುತ್ತದೆಯೇ?"
"ಕಾಣುತ್ತದೆ."
"ಹೂಂ."

ಪರದೆ ಸರಿಸಿದೆ. ಸ್ಟೂಲಿನಿಂದ ಇಳಿದೆ,
ಕಣ್ಣಿಗೆ ಕಣ್ಣು ಸಮ ಬರುವಷ್ಟು.
ಮೊನ್ನೆ ಮರೆತುಹೋಗಿದ್ದ ಹಿಟ್ಟಿನ ಚೀಲವೊಂದನ್ನು ಮಾತ್ರ
ಅವಳನ್ನು ಕೇಳದೆ ಮಡಿಲ ಮೇಲೆ ಹರಡಿದೆ.
ಅಷ್ಟಾದರೂ ಮಾಡದಿದ್ದರೆ
ನಾನ್ಯಾಕೆ, ಕನ್ನಡಿ ಸಾಲದೆ?