ನೀಲಿ ಗೆರೆ

ನಾಯಿ ಕುಂಯ್‌ಗುಟ್ಟಿದ್ದು ನನಗೆ ಕೇಳಿಸಲಿಲ್ಲ.
ಮೂವತ್ತೊಂದು ವರ್ಷ ಮಗ್ಗಗಳ ನಡುವೆ ನಿಂತವಳ ಕಿವಿ
ವೂಚ್ ನಗರದ ಗಿರಣಿಯಲ್ಲೇ ಉಳಿದುಹೋಯಿತು.
ಆ ಗಿರಣಿಯಲ್ಲಿ ಈಗ ಜನ ಸಿನಿಮಾ ನೋಡುತ್ತಾರೆ.
ಸೋಫಾದಿಂದ ಬಿದ್ದವಳು ಹಿಂದಿನೆರಡು ಕಾಲನ್ನು
ಒದ್ದೆ ಕಾಲುಚೀಲದ ಹಾಗೆ ಎಳೆದುಕೊಂಡು
ಅಡುಗೆಮನೆಗೆ ಬಂದಾಗ ಕಂಡೆ.

ಶ್ಪುಲ್ಕಾ ಅವಳ ಹೆಸರು. ನಮ್ಮ ಮಾತಿನಲ್ಲಿ ಕಂಡಿಕೆ.
ಉದ್ದ ಮೈ, ಗಿಡ್ಡ ಕಾಲು,
ಲಾಳಿಯೊಳಗೆ ಕೂರಿಸಿದರೆ ಕೂರುವಂಥ ನಾಯಿ.

ಬೆನ್ನುಹುರಿ ಒತ್ತಿಕೊಂಡಿದೆ, ಎಂದು ಡಾಕ್ಟರ್ ಕಿಂಗಾ
ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದಳು.
ಹುರಿ. ಹುರಿಯ ವಿಷಯ ನನಗೆ ಹೇಳಬೇಕೆ?
ಎಷ್ಟು ಬಿಗಿದರೆ ಹಾಡುತ್ತದೆ, ಎಷ್ಟಕ್ಕೆ ಹರಿಯುತ್ತದೆ,
ಹರಿದದ್ದನ್ನು ಎರಡು ಬೆರಳಲ್ಲಿ ಹೊಸೆದು
ಕೂಡಿಸುವುದು ಹೇಗೆ.
ಗಂಟು ಹಾಕುತ್ತೀರಾ, ಎಂದು ಬರೆದೆ.
ಇದಕ್ಕೆ ಗಂಟಿಲ್ಲ, ಎಂದು ಬರೆದಳು,
ಮೂಳೆ ಕೊರೆದು ಜಾಗ ಮಾಡಿಕೊಡುತ್ತೇವೆ, ಅಷ್ಟೆ.

ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು ಎಂದು ಚೀಟಿ ಕೊಟ್ಟರು.
ಆ ಚೀಟಿ ಇನ್ನೂ ಫ್ರಿಜ್ಜಿನ ಮೇಲೆ ಇದೆ.

ಎರಡನೆಯ ಬೆಳಗ್ಗೆ ಕಿಂಗಾ
ಬೋಳಿಸಿದ ಬೆನ್ನನ್ನು ಬಾಲದ ಕಡೆಯಿಂದ ಚಿವುಟುತ್ತ ಬಂದಳು.
ಚಿವುಟಿದಳು, ಏನೂ ಇಲ್ಲ. ಚಿವುಟಿದಳು, ಏನೂ ಇಲ್ಲ.
ಒಂದು ಕಡೆ ಚರ್ಮ ನೊಣ ಕೂತ ಹಾಗೆ ಅದುರಿತು.
ಅಲ್ಲಿ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದಳು. ನೀಲಿ.
ಗೆರೆ ಇಲ್ಲೇ ಇದ್ದರೆ ಕಾಯೋಣ.
ತಲೆಯ ಕಡೆ ಸರಿದರೆ
ಒಳಗೆ ಹುರಿ ಕರಗುತ್ತಿದೆ ಎಂದು ಲೆಕ್ಕ,
ಮೇಲುಮೇಲಕ್ಕೆ,
ಉಸಿರಾಡಿಸುವ ಎಳೆಗಳ ತನಕ.

ಗಿರಣಿಯಲ್ಲಿ ನಾವೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆವು,
ಬಟ್ಟೆ ಎಲ್ಲಿ ಕೆಟ್ಟಿತೋ ಅಲ್ಲಿ.
ಗುರುತಿಗಿಷ್ಟು ಅಂತ ಸಂಬಳದಲ್ಲಿ ಹಿಡಿಯುತ್ತಿದ್ದರು.

ಪಕ್ಕದ ಗೂಡಿನಲ್ಲಿ ಇನ್ನೊಂದು ನಾಯಿ, ಚಪ್ಪಟೆ ಮೂಗಿನದು.
ಅದಕ್ಕೂ ಗೆರೆ, ಹಸಿರು ಪೆನ್ನು.
ಅದರ ಹುಡುಗ ಇಗ್ನಾಟ್ಸಿ, ಸೈಕಲ್ಲಿನಲ್ಲಿ ಊಟ ಹಂಚುವವನು,
ಬೆನ್ನ ಮೇಲಿನ ಚೌಕದ ಚೀಲ ಇಳಿಸದೆಯೇ ಕೂರುತ್ತಿದ್ದ.
ರಾತ್ರಿ ಕಳೆಯುವುದರೊಳಗೆ ಹಸಿರು ಗೆರೆಗೆ
ಎರಡು ಬೆರಳು ಮುಂದೆ ಇನ್ನೊಂದು ಗೆರೆ.
ಮಧ್ಯಾಹ್ನಕ್ಕೆ ಮೂರನೆಯದು.
ನನ್ನ ಬಿಸ್ಕತ್ತು ಅವನಿಗೆ ಕೊಟ್ಟೆ. ತಿಂದ.
ಬೇರೇನು ಮಾಡಬೇಕಿತ್ತೋ ಈಗಲೂ ತಿಳಿಯದು.
ಸಂಜೆ ಎದ್ದು ಹೋದ, ಚೀಲದೊಳಗೆ ಕೊರಳಪಟ್ಟಿ, ಬಟ್ಟಲು.

ನಮ್ಮ ನೀಲಿ ಗೆರೆ ಇದ್ದಲ್ಲೇ ಇತ್ತು.
ಸಂತೋಷಪಟ್ಟೆ. ನಾಚಿಕೆಯೂ ಆಯಿತು, ತಡವಾಗಿ.

ಮನೆಗೆ ಬಂದ ಮೇಲೆ
ಹೊಲಿಗೆಯ ಕೆಳಗೆ ನೀರು ತುಂಬಿ ಮೊಟ್ಟೆಯಷ್ಟು ಊದಿತು, ಇಳಿಯಿತು.
ಸೊಂಟದ ಮೂಳೆಯ ಮೇಲೆ ಹುಣ್ಣು.
ಮೂತ್ರ ಕಟ್ಟಿತು, ಆಮೇಲೆ ಕೆಟ್ಟಿತು;
ಕಿವಿ ಹೋದವಳಿಗೆ ಮೂಗು ಚುರುಕು,
ಡಾಕ್ಟರಿಗಿಂತ ಒಂದು ದಿನ ಮೊದಲೇ ನನಗೆ ಗೊತ್ತಾಯಿತು.
ಕಿಂಗಾ ನನ್ನ ಕೈಮೇಲೆ ಕೈಯಿಟ್ಟು ಕಲಿಸಿದಳು:
ಹೊಟ್ಟೆಯೊಳಗೆ ಸಣ್ಣ ಕಿತ್ತಳೆಯಂಥದ್ದು ಸಿಗುತ್ತದೆ,
ಹಿಂಡಬಾರದು, ಮೆಲ್ಲಗೆ ಭಾರ ಬಿಡಬೇಕು.
ಮೊದಲ ಸಲ ನನ್ನ ಅಂಗೈಯಡಿ ಅದು ಬರಿದಾದಾಗ
ಹಾಸು ಸಡಿಲಿಸಿದ ಮಗ್ಗದ ಹಾಗೆ ಶ್ಪುಲ್ಕಾ ಉಸಿರುಬಿಟ್ಟಳು.
ಕೇಳಲಿಲ್ಲ. ಕೈಗೆ ತಿಳಿಯಿತು.

ಹಿಂಗಾಲಿನ ಬೆರಳು ಚಿವುಟಿದರೆ ಕಾಲು ಹಿಂದೆ ಸರಿಯಿತು ಒಂದು ದಿನ.
ಕುಣಿದುಬಿಟ್ಟೆ, ಈ ವಯಸ್ಸಿನಲ್ಲಿ.
ಕಿಂಗಾ ತಲೆಯಾಡಿಸಿ ಬರೆದಳು: ಮುಖ ನೋಡಿ.
ಮುಖ ಕಿಟಕಿಯ ಕಡೆ, ಪಾರಿವಾಳದ ಮೇಲೆ.
ಚಿವುಟಿದ್ದು ಕಾಲಿಗೆ ಗೊತ್ತು,
ನಾಯಿಗೆ ಗೊತ್ತಿಲ್ಲ.

ಅಂದಿನಿಂದ ಮುಖ ನೋಡುತ್ತ ಚಿವುಟುತ್ತೇನೆ.
ನವೆಂಬರಿನಲ್ಲಿ, ಟ್ರಾಮಿನ ತಂತಿಗೆ ಮೊದಲ ಹಿಮ ಕೂತ ದಿನ,
ಪಾರಿವಾಳವೂ ಇತ್ತು, ಚಿವುಟಿದೆ,
ತಿರುಗಿ ಕಚ್ಚಿದಳು.
ಮೊದಲು ಗುರುಗುಟ್ಟಿರಲೂಬಹುದು.
ಹೆಬ್ಬೆರಳ ಬುಡದಲ್ಲಿ ನಾಲ್ಕು ಕೆಂಪು ಚುಕ್ಕೆ.
ತೊಳೆಯುವ ಮೊದಲು ಬೆಳಕಿಗೆ ಹಿಡಿದು ನೋಡಿದೆ,
ಒಳ್ಳೆಯ ಬಟ್ಟೆಯ ನೇಯ್ಗೆ ನೋಡುವ ಹಾಗೆ.

ನೋವಿಗೆ ಕಚ್ಚಿದಳೋ ಬರೀ ಸಿಟ್ಟಿಗೋ,
ಕಿಂಗಾ ಸೋಮವಾರ ನೋಡಿ ಹೇಳುತ್ತಾಳಂತೆ.
ಕಾಲನ್ನು ಇನ್ನೂ ಎಳೆಯುತ್ತಲೇ ಇದ್ದಾಳೆ.
ಈಗ ನಾಲ್ಕು ಗಂಟೆ.
ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು.