ಹತ್ತನೆಯ ಗೂಟ

ಗುಂಡಿ ಒತ್ತಿದಳು ಮಗಳು.
ಫ್ಯಾನು ಅರ್ಧ ಸುತ್ತು ಸುತ್ತಿ
ಏನೋ ಮರೆತು ಬಂದದ್ದು ನೆನಪಾದವರಂತೆ
ನಿಂತುಬಿಟ್ಟಿತು.

ಮತ್ತೆ ಒತ್ತಿದಳು.
ಮತ್ತೆ ಅರ್ಧ ಸುತ್ತು.

ಹೊರಗೆ ಉಲಾನ್‌ಬಾತರ್, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಲ್ಲಿದ್ದಲ ಹೊಗೆ ಏಳನೇ ಮಹಡಿಯ ಕಿಟಕಿಗೆ
ಮೂಗು ಒತ್ತಿ ನಿಂತಿದೆ.
ಎಂಟು ತಿಂಗಳು ಒಂದೊಂದಾಗಿ ಕೂಡಿಸಿದ್ದು:
ಸೆಪ್ಟೆಂಬರಿನ ಸಂಬಳದ ಪ್ರೊಸೆಸರ್,
ನನ್ನ ಹೊಸ ಬೂಟು ಮುಂದೂಡಿ ತಂದ ಮದರ್‌ಬೋರ್ಡ್,
ಗೋಬಿಯ ಗಣಿಯಿಂದ ಅವಳಪ್ಪ ಕಳಿಸಿದ ಪವರ್ ಸಪ್ಲೈ,
ಸಂತೆಯಲ್ಲಿ ಚೌಕಾಸಿ ಮಾಡಿ ಹೊತ್ತು ತಂದ,
ಯಾರೋ ಬಳಸಿ ಬಿಟ್ಟ ಕಬ್ಬಿಣದ ಪೆಟ್ಟಿಗೆ.

ನಾನು ಹದಿನೇಳು ವರ್ಷದಿಂದ ಟ್ರಾಲಿ ಬಸ್ಸು ಓಡಿಸುವವಳು.
ಬಸ್ಸು ನಡುರಸ್ತೆಯಲ್ಲಿ ನಿಂತರೆ
ನನಗೆ ಗೊತ್ತಿರುವುದು ಒಂದೇ ಶಾಸ್ತ್ರ:
ಇಳಿ. ಹಿಂದೆ ಹೋಗು. ತಲೆಯೆತ್ತು.
ಜಾರಿದ ಕೋಲನ್ನು ಹಗ್ಗ ಹಿಡಿದು ಎಳೆ,
ತಂತಿಗೆ ಮತ್ತೆ ಕೂರಿಸು.
"ಎಲ್ಲೋ ಕೋಲು ಜಾರಿದೆ" ಅಂದೆ.
ಖೊಂಗೊರ್ಜುಲ್ ನನ್ನನ್ನು ನೋಡಿದ ರೀತಿಗೆ
ಲೋಟದ ಚಹಾ ಕೆನೆಗಟ್ಟಿತು.

ಆದರೂ ಹುಡುಕಿದ್ದು ಅದನ್ನೇ.
ಪ್ರೊಸೆಸರಿನ ಪಕ್ಕದ ಎಂಟು ಕಣ್ಣಿನ ಪ್ಲಗ್ಗು ಕಿತ್ತು,
ಕಟಕ್ ಎನ್ನುವವರೆಗೆ ಒತ್ತಿ.
ಮೆಮೊರಿ ಪಟ್ಟಿಯ ಚಿನ್ನದ ಹಲ್ಲುಗಳನ್ನು
ಶಾಲೆಯ ರಬ್ಬರಿನಿಂದ ಉಜ್ಜಿ,
ಆ ಕಿಂಡಿಯಿಂದ ಈ ಕಿಂಡಿಗೆ,
ಎರಡರ ಬದಲು ಒಂದೇ, ಆ ಒಂದರ ಬದಲು ಇನ್ನೊಂದು.
ಸ್ವೆಟರು ಕಳಚಿದರೆ ಕಿಡಿ ಹಾರುವ ಒಣ ಚಳಿಯಿದು;
ಏನನ್ನಾದರೂ ಮುಟ್ಟುವ ಮುನ್ನ ಅವಳು
ರೇಡಿಯೇಟರ್ ಮುಟ್ಟಿ ಬರುತ್ತಿದ್ದಳು,
ಚಹಾದ ಮೊದಲ ಸೌಟನ್ನು ನನ್ನಮ್ಮ
ಆಕಾಶಕ್ಕೆ ಎರಚುತ್ತಿದ್ದಷ್ಟೇ ನಿಷ್ಠೆಯಿಂದ.

ಕೆಳಮನೆಯ ತುಗುಲ್ದುರ್, ಮೊಬೈಲ್ ರಿಪೇರಿಯವನು,
ಬಂದು ಮೂಸಿ ನೋಡಿ "ಬೋರ್ಡೇ ಸತ್ತಿದೆ" ಅಂದ.
ಎರಡು ಲೋಟ ಚಹಾ ಕುಡಿದು
ಮತ್ತೂ ಅದನ್ನೇ ಅಂದ.

ಅವನು ಹೋದ ಮೇಲೆ ಮಗಳು ಅಳಲಿಲ್ಲ.
ಸ್ಕ್ರೂ ಒಂದೊಂದನ್ನೂ ಬಟ್ಟಲಿಗೆ ಹಾಕಿ
ಇಡೀ ಬೋರ್ಡನ್ನು ಎತ್ತಿ
ಬರಿಯ ರಟ್ಟಿನ ಮೇಲೆ ಮಲಗಿಸಿದಳು.
ಸ್ಕ್ರೂಡ್ರೈವರಿನ ತುದಿಯಿಂದ
ಎರಡು ಸೂಜಿಗಳನ್ನು ಒಮ್ಮೆ ಸೋಕಿಸಿದಳು.

ಫ್ಯಾನು ತಿರುಗಿತು.
ತಿರುಗುತ್ತಲೇ ಇತ್ತು.
ಉಸಿರಾಡಿದರೆ ನಿಂತೀತೆಂದು
ನಾವಿಬ್ಬರೂ ಸುಮ್ಮನಿದ್ದೆವು.

ಪೆಟ್ಟಿಗೆಯೊಳಗೆ ಇಟ್ಟೆವು. ಅರ್ಧ ಸುತ್ತು.
ಹೊರಗೆ ತೆಗೆದೆವು. ಜೀವ.
ಒಳಗೆ. ಅರ್ಧ ಸುತ್ತು.

"ಬಯಲಲ್ಲಿ ಬದುಕುತ್ತೆ, ಗೋಡೆ ಕಂಡರೆ ಸಾಯುತ್ತೆ,
ನಿನ್ನ ಅಜ್ಜನ ಹಾಗೆ" ಅಂದೆ.
ಹುಲ್ಲುಗಾವಲು ಬಿಟ್ಟು ಈ ಫ್ಲಾಟಿಗೆ ಬಂದ ಮೊದಲ ವಾರ
ಬಾಲ್ಕನಿಯಲ್ಲೇ ಮಲಗಿದವನು ಆತ.
ರಾತ್ರಿ ಎರಡೂವರೆಗೆ
ಮಗಳು ಮೊದಲ ಸಲ ನಕ್ಕಳು.
ನಗುತ್ತಲೇ ಟಾರ್ಚು ಕೇಳಿದಳು.

ಬೋರ್ಡಿನಲ್ಲಿ ತೂತು ಒಂಬತ್ತು.
ಪೆಟ್ಟಿಗೆಯ ಗೋಡೆಯಲ್ಲಿ ಹಿತ್ತಾಳೆಯ ಗೂಟ:
ಅವಳು ಎಣಿಸಿದಳು, ನಾನು ಎಣಿಸಿದೆ,
ಬೆರಳಿಟ್ಟು ಒಟ್ಟಿಗೆ ಎಣಿಸಿದೆವು.
ಹತ್ತು.

ಯಾರದೋ ಹಳೆಯ ಬೋರ್ಡಿಗೆ ಹೆಗಲು ಕೊಟ್ಟ ಗೂಟ
ತನ್ನವರು ಹೋದದ್ದು ತಿಳಿಯದೆ ನಿಂತೇ ಇತ್ತು,
ನಮ್ಮ ಬೋರ್ಡಿನ ಬರಿಬೆನ್ನಿಗೆ ತಾಗಿಕೊಂಡು.
ರಾತ್ರಿಯಿಡೀ ಏನು ಕಡಿಮೆಯಿದೆ ಎಂದು ತಡಕಾಡಿದ್ದೆವು,
ಕೋಲು ಜಾರಿರಲೇ ಇಲ್ಲ.
ತಾಗಬಾರದ ಕಡೆ ತಾಗಿತ್ತು.

ನನ್ನ ಅಡುಗೆಮನೆಯ ಇಕ್ಕಳದಿಂದ ಬಿಚ್ಚಿದಳು.
ಕೂರಿಸಿದಳು. ಗುಂಡಿಯತ್ತ ಕೈ ನೀಡಿ,
ಹಿಂದೆಗೆದು,
"ನೀನೇ ಒತ್ತಮ್ಮ" ಅಂದಳು.

ನೆರೆಮನೆಯಿಂದ ಕಡ ತಂದ ಟಿ.ವಿ.ಯ ಕಪ್ಪಿನಲ್ಲಿ
ಬಿಳಿಯ ಅಕ್ಷರಗಳು ಒಂದೊಂದೇ ಸಾಲು.
ಮಗಳು ಬಾಯಿಬಿಟ್ಟು ಓದಿದಳು:
ಕೀಬೋರ್ಡ್ ಸಿಗುತ್ತಿಲ್ಲ.

ಎಂಟು ತಿಂಗಳ ಪಟ್ಟಿಯಲ್ಲಿ
ಅದೊಂದನ್ನು ಇಬ್ಬರೂ ಬರೆದಿರಲಿಲ್ಲ.

ಐದಕ್ಕೆ ಡಿಪೋ.
ಹಳೆಯ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿ ಹೊರಟೆ.
ರೈಲುಸೇತುವೆಯ ತಿರುವಿನಲ್ಲಿ ಎಂದಿನಂತೆ ಕೋಲು ಜಾರಿತು.
ಇಳಿದು, ಹಿಂದೆ ಹೋಗಿ, ಹಗ್ಗ ಹಿಡಿದಾಗ
ಗವಸಿನೊಳಗೆ ಏನೋ ಚುಚ್ಚಿತು.