ಆನೆಗೆ ಮೇವು

ಪ್ರಶಸ್ತಿಗೆಂದೇ ಕೂತಿದ್ದೆ ಆ ವರ್ಷ,
ಬೀಟೆ ಹಲಗೆಯೊಳಗೆ ಹಲಸಿನ ಮರದ ಹಳದಿ ಆನೆ.
ಗರಗಸದೆಳೆ ಜಾರಿ
ಸೊಂಡಿಲು ಮೂರು ಸಲ ಮುರಿಯಿತು.
ಮೂರು ಸಲವೂ ಮೂಲೆಗೆಸೆದು
ಹೊಸ ಮರ ಕೇಳಿದೆ.

ಮಂಡಿ ಮೊಹಲ್ಲಾದ ಆ ಓಣಿಯಲ್ಲಿ ಮುನೀರ್ ಸಾಬರು
ಕೊಟ್ಟರು. ಏನೂ ಅನ್ನಲಿಲ್ಲ.
ಸಂಜೆ ಕೋಳಿಪುಕ್ಕದಲ್ಲಿ ನನ್ನ ಮಣೆ ಗುಡಿಸಿ
ಪುಡಿಯನ್ನು ಹಳೇ ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿದರು,
ಬೀಟೆಯದು ಬೇರೆ, ಹಲಸಿನದು ಬೇರೆ.

"ಯಾತಕ್ಕೆ ಈ ಕಸ?"
"ನಿನ್ನ ಆನೆಗೆ ಮೇವು."

ಕೊನೆಗೆ ಕಿವಿಯ ಪಕ್ಕ ಕೂದಲೆಳೆಯಷ್ಟು ಸಂದು.
ಮತ್ತೆ ಗರಗಸಕ್ಕೆ ಹೋದ ನನ್ನ ಕೈ ಹಿಡಿದು
ಗೋಂದಿನಲ್ಲಿ ಕಲಸಿ ಸವರಿದರು
ನನ್ನವೇ ತಪ್ಪುಗಳ ಪುಡಿ.

ತೀರ್ಪುಗಾರರ ಬೆರಳು ಆನೆಯ ಮೇಲೆ ನಡೆಯಿತು,
ಎಲ್ಲೂ ಎಡವಲಿಲ್ಲ.

ನನ್ನದು ಈಗಲೂ
ಆ ಕಿವಿಯ ಪಕ್ಕ ನಿಲ್ಲುತ್ತದೆ.